ಬಿಳಿ ನಾಲ್ಕರ ಪಕ್ಕದ ಟಿಕೆಟ್ಟು

ಗುಲಾಬಿ ಬಣ್ಣದ ಬಸ್ ಟಿಕೆಟ್ಟು. ಅದನ್ನು ನಾಲ್ಕು ಮಡಿಕೆ ಮಾಡಿ ಹಾರ್ಮೋನಿಯಂನ ಎರಡು ಬಿಳಿ ಪಟ್ಟಿಗಳ ನಡುವೆ ಸಿಕ್ಕಿಸಿದ್ದರು. ಅದರ ಬಿಗಿಗೆ ಒಂದು ಪಟ್ಟಿ ಉಳಿದವುಗಳಿಗಿಂತ ಅಕ್ಕಿಕಾಳಿನಷ್ಟು ಕೆಳಗೆ ಕೂತಿತ್ತು. ನಾನು ಉಗುರಿನಿಂದ ಟಿಕೆಟ್ಟನ್ನು ಎಬ್ಬಿಸಿ ತೆಗೆದೆ, ಕಿಟಕಿಯಿಂದ ಹೊರಗೆ ಹಾಕಿದೆ, ಕರವಸ್ತ್ರದಿಂದ ಪಟ್ಟಿಗಳನ್ನು ಒರೆಸಿದೆ. ಇಷ್ಟಕ್ಕೆ ಅರ್ಧ ನಿಮಿಷ ಹಿಡಿದಿರಬೇಕು. ಏನು ಮಾಡಿದೆ ಎಂಬುದು ತಿಳಿಯಲು ಒಂಬತ್ತು ತಿಂಗಳು ಹಿಡಿಯಿತು.

ಅದು ೧೯೯೮ರ ಜೂನ್ ತಿಂಗಳ ನಾಲ್ಕನೆಯ ಭಾನುವಾರ. ಊರು ರಾಮದುರ್ಗ. ನನಗೆ ಇಪ್ಪತ್ನಾಲ್ಕು ವರ್ಷ. ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನದಲ್ಲಿ ಎಂ.ಎ. ಮುಗಿಸಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳ ನಾಲ್ಕು ಚಿಕ್ಕ ಸಭೆಗಳು ಸೇರಿ ನನ್ನನ್ನು ಆರಾಧನಾ ಸಂಗೀತದ ಕೆಲಸಕ್ಕೆ ತೆಗೆದುಕೊಂಡಿದ್ದವು. ನಾಲ್ಕೂ ಸಭೆಗಳಿಗೆ ಪಾಸ್ಟರ್ ಒಬ್ಬರೇ. ತಿಂಗಳ ಒಂದೊಂದು ಭಾನುವಾರ ಅವರು ಒಂದೊಂದು ಊರಿನಲ್ಲಿ ಆರಾಧನೆ ನಡೆಸುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಜನ ತಮ್ಮ ತಮ್ಮ ಮನೆಗಳಲ್ಲೇ ಸೇರಿ ಪ್ರಾರ್ಥಿಸುತ್ತಿದ್ದರು. ನಾನು ಪಾಸ್ಟರ್ ಹೋದಲ್ಲೆಲ್ಲ ಹೋಗಿ ಹಾಡಿಸಬೇಕು, ತಿಂಗಳಿಗೆ ಒಂದು ಹೊಸ ಹಾಡು ಮಾಡಬೇಕು. ಮಾತು ನನ್ನದು, ಧಾಟಿಯೂ ನನ್ನದು. ನೇಮಕದ ಪತ್ರದಲ್ಲಿ ಇದ್ದದ್ದು ಇಷ್ಟೇ.

ರಾಮದುರ್ಗದ ಪಾಳಿ ನಾಲ್ಕನೆಯ ಭಾನುವಾರ. ನಾನು ಶನಿವಾರವೇ ಬೈಲಹೊಂಗಲದಿಂದ ಬಸ್ ಹಿಡಿದು ಹೋಗಿ, ಸಂಜೆ ಬಂದವರಿಗೆ ಹೊಸ ಹಾಡು ಕಲಿಸಿ, ಚರ್ಚಿನ ಪಕ್ಕದ ಕೋಣೆಯಲ್ಲಿ ಉಳಿಯುತ್ತಿದ್ದೆ. ಅಲ್ಲಿ ನನಗಿಂತ ಮೊದಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾರ್ಮೋನಿಯಂ ನುಡಿಸಿದವರು ದಾನಪ್ಪ ಮಾಸ್ತರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಸುರೇಬಾನದಿಂದ ಬಸ್ಸಿನಲ್ಲಿ ಬರುತ್ತಿದ್ದವರು. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳು ವಾದ್ಯದ ಪೆಟ್ಟಿಗೆಯ ಮುಚ್ಚಳವನ್ನು ಯಾರೂ ತೆರೆದಿರಲಿಲ್ಲ. ಅವರ ಹೆಂಡತಿ ರೂತವ್ವ ಮಾತ್ರ ತಪ್ಪದೆ ಬರುತ್ತಿದ್ದರು. ಮುಂದಿನ ಬೆಂಚಿನ ಎಡತುದಿ ಅವರ ಜಾಗ. ನಾನು ಟಿಕೆಟ್ಟು ತೆಗೆದ ದಿನವೂ ಅವರು ಅಲ್ಲೇ, ನನ್ನಿಂದ ಮೂರು ಮೊಳ ದೂರದಲ್ಲಿ ಕೂತಿದ್ದರು.

ಮುಂದಿನದು ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಹಾರ್ಮೋನಿಯಂ ನುಡಿಸುವವರು ಹಾಡಿನ ಸ್ಕೇಲನ್ನು ಪಟ್ಟಿಯ ಬಣ್ಣ ಮತ್ತು ಎಣಿಕೆಯಿಂದ ಹೇಳುತ್ತಾರೆ. ನಾಲ್ಕನೆಯ ಬಿಳಿ ಪಟ್ಟಿಯನ್ನು ಷಡ್ಜ, ಎಂದರೆ ಹಾಡಿನ ಆಧಾರ ಸ್ವರ, ಮಾಡಿಕೊಂಡರೆ ಅದು ಬಿಳಿ ನಾಲ್ಕು. ಐದನೆಯ ಕರಿ ಪಟ್ಟಿಯನ್ನು ಮಾಡಿಕೊಂಡರೆ ಕರಿ ಐದು. ಹಾಡು ಅದೇ, ಆದರೆ ಬಿಳಿ ನಾಲ್ಕರಿಂದ ಕರಿ ಐದಕ್ಕೆ ಹೋದರೆ ಇಡೀ ಹಾಡು ಐದು ಮೆಟ್ಟಿಲು ಮೇಲೆ ಹತ್ತುತ್ತದೆ. ನನ್ನದು ಕರಿ ಐದು. ಆರು ವರ್ಷ ಗುರುಗಳ ಮುಂದೆ ಕೂತು ಸಾಧಿಸಿದ ಸ್ಕೇಲು. ತರಗತಿಯಲ್ಲಿ ಸ್ಕೇಲು ಎಂದರೆ ಗಾಯಕಿಯ ಸ್ವಂತದ್ದು; ತಂಬೂರಿ, ತಬಲಾ, ಹಾರ್ಮೋನಿಯಂ ಎಲ್ಲವೂ ಅವಳಿಗೆ ಹೊಂದಿಕೊಳ್ಳುತ್ತವೆ. ಉಳಿದವರ ಜೊತೆ ಹಾಡುವುದು ನಮ್ಮ ಪಾಠದಲ್ಲಿ ಇರಲಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ಆರಾಧನೆಯ ನಂತರ ಎರಡು ಸಂಖ್ಯೆ ಬರೆಯುತ್ತಿದ್ದೆ: ಬಂದವರು, ಹಾಡಿದವರು. ರಾಮದುರ್ಗದ ಪುಟ ಈಗಲೂ ನನ್ನ ಬಳಿ ಇದೆ. ಜೂನ್: ಇಪ್ಪತ್ತಾರು ಜನ, ಹಾಡಿದವರು ಹದಿನೆಂಟು. ಸೆಪ್ಟೆಂಬರ್: ಇಪ್ಪತ್ತಮೂರು, ಹತ್ತು. ಡಿಸೆಂಬರ್: ಇಪ್ಪತ್ತೇಳು, ಏಳು. ಜನವರಿ: ಹತ್ತೊಂಬತ್ತು, ನಾಲ್ಕು. ಅಕ್ಟೋಬರ್‌ನ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಶ್ರುತಿಜ್ಞಾನವಿಲ್ಲ’ ಎಂದು ಬರೆದಿದ್ದೇನೆ. ಆ ಸಭೆಯವರ ಬಗ್ಗೆ ಬರೆದದ್ದು ಅದು. ಅಳಿಸಿಲ್ಲ.

ಉಳಿದ ಊರುಗಳಲ್ಲಿ ಹೀಗಿರಲಿಲ್ಲ ಎಂಬುದೇ ನನ್ನನ್ನು ದಾರಿ ತಪ್ಪಿಸಿತು. ಬೈಲಹೊಂಗಲದಲ್ಲಿ ಮತ್ತು ಕಿತ್ತೂರಿನಲ್ಲಿ ಹಾಸ್ಟೆಲಿನ ಹುಡುಗಿಯರು ಮುಂದಿನ ಸಾಲುಗಳಲ್ಲಿ ಇರುತ್ತಿದ್ದರು. ಅವರಿಗೆ ಎಷ್ಟು ಮೇಲಿನ ಸ್ವರವಾದರೂ ಅಡ್ಡಿಯಿಲ್ಲ, ಕಲಿಸಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದರು. ಸವದತ್ತಿಯಲ್ಲಿ ಹೇಗೋ ನಡೆಯುತ್ತಿತ್ತು. ರಾಮದುರ್ಗದಲ್ಲಿ ಬರುತ್ತಿದ್ದವರು ಹೆಚ್ಚಾಗಿ ವಯಸ್ಸಾದ ಹೆಂಗಸರು, ಹೊಲದ ಕೆಲಸದವರು, ಗೋಡೆ ಕಟ್ಟುವ ಇಬ್ಬರು ಗೌಂಡಿಗಳು, ಒಬ್ಬ ಲಾರಿ ಡ್ರೈವರ್. ಅವರು ಎದ್ದು ನಿಲ್ಲುತ್ತಿದ್ದರು, ಮೊದಲ ಸಾಲಿಗೆ ತುಟಿ ಅಲ್ಲಾಡಿಸುತ್ತಿದ್ದರು, ಎರಡನೆಯ ಸಾಲಿಗೆ ಸುಮ್ಮನಾಗುತ್ತಿದ್ದರು. ಹಾಡಿನ ಕೊನೆಯ ಭಾಗವನ್ನು ನಾನೊಬ್ಬಳೇ ಹಾಡಿ ಮುಗಿಸುತ್ತಿದ್ದೆ. ಚರ್ಚಿನ ಮಾಡು ತಗಡಿನದು. ಒಂಟಿ ದನಿ ಅಲ್ಲಿ ತುಂಬಾ ಸ್ಪಷ್ಟವಾಗಿ ಕೇಳುತ್ತದೆ.

ಕಾರಣಗಳನ್ನು ಹುಡುಕಿದೆವು. ಪಾಸ್ಟರ್ ಹೇಳಿದರು, “ಜನಾ ಬ್ಯಾಸತ್ತಾರ್ರಿ ಟೀಚರ್. ದೂರದ ಊರಾಗ ಚರ್ಚಿಗೆ ಬೆಂಕಿ ಹಚ್ಚಿದ್ದ ಪೇಪರಿನ ಸುದ್ದಿ ಕೇಳತಾರ, ಗಟ್ಯಾಗಿ ಹಾಡಾಕ ಮನಸ್ಸ ಹಿಂಜರೀತೈತಿ. ನೀವು ನಿಮ್ಮ ಕೆಲಸಾ ಬಿಡಬ್ಯಾಡ್ರಿ.” ಅದು ಅಸಂಭವವಾಗಿ ಕಾಣಲಿಲ್ಲ. ಆದರೆ ಅದೇ ಜನ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು, ನಗುತ್ತಿದ್ದರು. ನನ್ನ ಮಾತು ಕಠಿಣವಾಯಿತೇನೋ ಎಂದುಕೊಂಡು ಮುಂದಿನ ಹಾಡುಗಳಲ್ಲಿ ಪದಗಳನ್ನು ಸರಳ ಮಾಡಿದೆ. ಧಾಟಿ ನಿಧಾನವಾಯಿತೇನೋ ಎಂದು ಲಯ ಬದಲಿಸಿದೆ. ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಓದು ಬಾರದವರೇ ಹೆಚ್ಚಿದ್ದ ಸಭೆಯಲ್ಲಿ ಅದರಿಂದ ಪ್ರಯೋಜನವಿಲ್ಲ ಎಂಬುದು ಅಂಟಿಸಿದ ಮೇಲೆ ಹೊಳೆಯಿತು.

ಡಿಸೆಂಬರ್‌ನಲ್ಲಿ ಮಾಡಿದ ಹಾಡು ನನಗೆ ಆ ವರ್ಷ ಮಾಡಿದ್ದರಲ್ಲೇ ಮೆಚ್ಚಿಗೆಯಾಗಿತ್ತು. ಬೇಸಿಗೆಯಲ್ಲಿ ಮಲಪ್ರಭೆ ಬತ್ತಿದಾಗ ಹೆಂಗಸರು ಉಸುಕಿನಲ್ಲಿ ಒರತೆ ತೆಗೆಯುವುದನ್ನು ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿದ್ದೆ. ಪಲ್ಲವಿ ಹೀಗಿತ್ತು:

ಹಳ್ಳ ಒಣಗಿದರೂ ಒರತೆ ನೀನಿರುವೆ,
ಕೈಯಿಂದ ಬಗೆದರೆ ಕಾಣಸಿಗುವೆ.

ಅದರ ಮೂರನೆಯ ಸಾಲು ಮೇಲಿನ ಗಾಂಧಾರದವರೆಗೆ ಹೋಗಿ ಅಲ್ಲಿಂದ ಇಳಿಯುತ್ತಿತ್ತು. ಆ ಏರಿಕೆಗಾಗಿಯೇ ನಾನು ಆ ಹಾಡನ್ನು ಮಾಡಿದ್ದೆ ಎಂದರೂ ಸರಿ. ಡಿಸೆಂಬರ್‌ನಲ್ಲೂ ಜನವರಿಯಲ್ಲೂ ಆ ಸಾಲಿನ ಹತ್ತಿರ ಬಂದಾಗ ಇಡೀ ಚರ್ಚು ಮೌನವಾಗಿತ್ತು.

ಫೆಬ್ರುವರಿಯಲ್ಲಿ ನಾಲ್ಕು ಸಭೆಗಳ ಸಮಿತಿಯ ಕಾರ್ಯದರ್ಶಿ ಬೈಲಹೊಂಗಲದಿಂದ ನಮ್ಮ ಜೊತೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿದರು. ಒಳ್ಳೆಯ ಮನುಷ್ಯ, ಮಾತು ಮಾತ್ರ ನೇರ. ಆರಾಧನೆ ಮುಗಿದ ಮೇಲೆ ಪಾಸ್ಟರ್‌ಗೆ ಹೇಳಿದರು, “ಸುಮ್ನ ಒಬ್ಬ ಹುಡಗೀನ ಬಸ್ಸಿನಾಗ ಯಾಕ ಅಡ್ಡಾಡಸ್ತೀರಿ? ಒಂದು ಟೇಪ್ ರೆಕಾರ್ಡರ್ ಇಡ್ರಿ. ಕ್ಯಾಸೆಟ್ ಹಾಕಿದ್ರ ತಪ್ಪಂಗಿಲ್ಲ, ಆಕಳಸಂಗಿಲ್ಲ, ರಜಾ ಕೇಳಂಗಿಲ್ಲ.” ನಾನು ಅಲ್ಲೇ ಇದ್ದೆ. ಅವರು ನನ್ನ ಕಡೆ ತಿರುಗಿ, “ಟೀಚರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ದನಿ ಚಲೋ ಐತಿ. ಜನಾನ ಹಾಡವಲ್ರು,” ಎಂದರು.

ತೀರ್ಮಾನ ಹೀಗಾಯಿತು. ಮಾರ್ಚ್‌ನ ನಾಲ್ಕನೆಯ ಭಾನುವಾರ ಅವರು ಮತ್ತೆ ಬರುತ್ತಾರೆ. ಅಂದೂ ಹೀಗೆಯೇ ಇದ್ದರೆ ಏಪ್ರಿಲ್‌ನಿಂದ ರಾಮದುರ್ಗದಲ್ಲಿ ಟೇಪು. ಒಂದು ಊರಿನಲ್ಲಿ ಟೇಪು ಬಂದರೆ ಉಳಿದ ಮೂರೂ ಊರುಗಳಿಗೆ ಬರುತ್ತದೆ, ಹೊಸ ಹಾಡು ಮಾಡುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಫೆಬ್ರುವರಿಯ ಹಾಡನ್ನು ನಾನು ಮಾಡಲಿಲ್ಲ. ಆ ದಿನಗಳಲ್ಲಿ ನನ್ನ ಮನೆಯಲ್ಲಿ ನಡೆಯುತ್ತಿದ್ದುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಕೂತು ಹಾರ್ಮೋನಿಯಂ ಮುಟ್ಟಿದರೆ ಏನೂ ಬರುತ್ತಿರಲಿಲ್ಲ. ದೇವರಿಗಾಗಿ ಹಾಡು ಮಾಡುವವರು ಕೇಳುವವರನ್ನು ಎಣಿಸಬಾರದು ಎಂದು ಪಾಸ್ಟರ್ ಒಮ್ಮೆ ಹೇಳಿದ್ದರು. ನಾನು ಎಣಿಸುತ್ತಿದ್ದೆ. ಮಾರ್ಚ್ ಎರಡನೆಯ ವಾರ ಮೂರು ಸಾಲಿನ ರಾಜೀನಾಮೆ ಬರೆದು, ದಿನಾಂಕದ ಜಾಗ ಖಾಲಿ ಬಿಟ್ಟು, ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ.

ರಾಮದುರ್ಗದ ಹಾರ್ಮೋನಿಯಂನ ತಿದಿಗೆ, ಎಂದರೆ ಗಾಳಿ ತುಂಬುವ ಭಾಗಕ್ಕೆ, ಇಲಿ ಕಡಿದು ತೂತು ಬಿದ್ದಿತ್ತು. ಫೆಬ್ರುವರಿಯಲ್ಲೇ ಅದನ್ನು ಹುಸೇನಸಾಬರ ಅಂಗಡಿಗೆ ಕೊಟ್ಟು ಬಂದಿದ್ದೆ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಅವರ ಅಂಗಡಿ. ಭಜನಾ ಮೇಳದವರ ಹಾರ್ಮೋನಿಯಂ, ಮದುವೆ ಬ್ಯಾಂಡಿನವರ ಡ್ರಮ್ಮು, ನಾಟಕದವರ ತಬಲಾ ಎಲ್ಲವೂ ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಮಾರ್ಚ್‌ನಲ್ಲಿ, ಕಾರ್ಯದರ್ಶಿ ಬರುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಹೋದಾಗ ಅವರು ಹಾರ್ಮೋನಿಯಂ ಬಿಚ್ಚಿ ಮುಂದೆ ಇಟ್ಟುಕೊಂಡು ಕೂತಿದ್ದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ.

“ಬರ್ರಿ ಬಾಯಾರ, ಕುಂದರ್ರಿ. ನಿಮ್ಮ ಪೇಟಿ ಜಡ್ಡ ವಾಸಿ ಆತು. ಇಲಿ ಭಾಳ ದೈವಭಕ್ತ ಇತ್ತ ಅನಸ್ತೈತಿ, ಚರ್ಚಿನಾಗ ಕುಂತ ನಿವಾಂತ ತಿಂದೈತಿ.”

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಅವರು ಸ್ವರಗಳ ಹಲಗೆಯನ್ನು ಬೆಳಕಿಗೆ ಹಿಡಿದು ಒಂದು ರೀಡನ್ನು ತೋರಿಸಿದರು. ರೀಡು ಎಂದರೆ ಗಾಳಿ ತಾಗಿದಾಗ ಕಂಪಿಸಿ ನಾದ ಕೊಡುವ ಸಣ್ಣ ಹಿತ್ತಾಳೆಯ ನಾಲಗೆ.

“ಇದ ನೋಡ್ರಿ, ಬಿಳಿ ನಾಕು. ಉಳದ ಸುರ ಎಲ್ಲಾ ಜಾಗಾದಾಗ ಅದಾವು. ಇದೊಂದ ಚೂರ ಇಳದೈತಿ. ಇದರ ಮ್ಯಾಲೆ ಭಾಳ ವರ್ಷ ಗಾಳಿ ಹಾದೈತಿ. ನೀವು ಎಲ್ಲಿಂದ ಹಾಡತೀರಿ?”

“ಕರಿ ಐದು.”

“ಹಂಗಾರ ಇದನ್ನ ಸವಿಸಿದವ್ರು ನೀವಲ್ಲ ಬಿಡ್ರಿ.” ಅವರು ಹಲಗೆ ಕೆಳಗಿಟ್ಟರು. “ದಾನಪ್ಪ ಮಾಸ್ತರು ಬಿಳಿ ನಾಕ ಬಿಟ್ಟ ಸರದವ್ರ ಅಲ್ಲ. ಸುರ ಹಿಡಿಯೂ ಗುಂಡಿ ಮುರದ ಎಷ್ಟೋ ವರ್ಷ ಆತು. ಹೊಸಾದ ಹಾಕತೇನ್ರಿ ಮಾಸ್ತರ ಅಂದ್ರ, ಬ್ಯಾಡೋ ಹುಸೇನಾ, ನನ್ನ ಕಡೆ ತಿಕೀಟ ಐತಿ ಅನ್ನಾವ್ರು.”

ಹಳೆಯ ಹಾರ್ಮೋನಿಯಂಗಳಲ್ಲಿ ಮುಂದೆ ಕೆಲವು ಗುಂಡಿಗಳು ಇರುತ್ತವೆ. ಒಂದನ್ನು ಎಳೆದರೆ ಆಯಾ ಸ್ವರ ತಂಬೂರಿಯ ಹಾಗೆ ಬಿಡದೆ ನುಡಿಯುತ್ತದೆ. ಗುಂಡಿ ಮುರಿದಲ್ಲಿ ಪಟ್ಟಿಗಳ ನಡುವೆ ಮಡಿಸಿದ ಕಾಗದ ಸಿಕ್ಕಿಸಿದರೂ ಅದೇ ಕೆಲಸವಾಗುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಬಸ್ ಟಿಕೆಟ್ಟನ್ನು ನೋಡಿದಾಗ ಮಾತ್ರ ಅದು ನನಗೆ ಕಸವಾಗಿ ಕಂಡಿತ್ತು.

“ಇಲ್ಲೆ ಕಟಗಿ ನೋಡ್ರಿ,” ಎಂದು ಹುಸೇನಸಾಬರು ಬೆರಳಿಟ್ಟು ತೋರಿಸಿದರು. ಬಿಳಿ ನಾಲ್ಕರ ಪಟ್ಟಿಯ ಬದಿ ಸವೆದು ಸಣ್ಣ ತಗ್ಗಾಗಿತ್ತು. ತಗ್ಗಿನಲ್ಲಿ ಕಾಗದದ ಎಳೆ, ಒಂದು ಗುಲಾಬಿ, ಒಂದು ಹಸಿರು. “ಪ್ರತಿ ಸಲಾ ಬಂದಾಗ ಹೊಸಾ ತಿಕೀಟ. ಹಳೇದ ಮೆತ್ತಗ ಆಗತಿತ್ತಲ್ಲ.” ಆಮೇಲೆ ಅವರು ಕೇಳಿದರು, “ಬಾಯಾರ, ಕರಿ ಐದಕ್ಕ ಆ ಮುದಕ್ಯಾರು ಏರತಾರ?”

“ಇಲ್ಲ,” ಎಂದೆ.

“ಹೆಂಗ ಏರಬೇಕ್ರಿ? ಏರಿದ್ರ ಇಳಿಯಾಕ ಡಾಕ್ಟರ್ ಬೇಕಾಗತಾನ.”

ಅವರು ರೀಡನ್ನು ಚೂರಿಯ ತುದಿಯಿಂದ ಕೆರೆದು, ಊದಿ, ಮತ್ತೆ ಕೂಡಿಸಿ ಸ್ವರ ಸರಿಮಾಡಿದರು. ಪೇಟಿಯನ್ನು ತಾವೇ ಸೈಕಲ್ಲಿನ ಮೇಲೆ ಕಟ್ಟಿ ಚರ್ಚಿಗೆ ತಂದು ಇಟ್ಟು ಹೋದರು. ನಾನು ಅಲ್ಲಿ ಬಿಳಿ ನಾಲ್ಕನ್ನು ಷಡ್ಜ ಮಾಡಿಕೊಂಡು ನನ್ನ ಎಂಟು ಹಾಡುಗಳನ್ನೂ ಒಮ್ಮೆ ಗುನುಗಿದೆ. ನನ್ನ ಗಂಟಲಿಗೆ ಅವು ಬಾವಿಯಲ್ಲಿ ಇಳಿದ ಹಾಗೆ ಆದವು. ಮಂದ್ರದ ಸ್ವರಗಳು ನನಗೆ ಸಿಗಲೇ ಇಲ್ಲ. ಒಂಬತ್ತು ತಿಂಗಳು ಸಭೆಯವರಿಗೆ ಮೇಲಿನ ಸ್ವರಗಳಲ್ಲಿ ಆಗಿದ್ದು ಹೀಗೆಯೇ ಇರಬೇಕು.

ಆದರೂ ಖಚಿತವಾಗಿರಲಿಲ್ಲ. ಹುಸೇನಸಾಬರು ಹೇಳಿದ್ದು ಊಹೆ. ಹಾಡದವರನ್ನೇ ಕೇಳಬೇಕಿತ್ತು. ಮಧ್ಯಾಹ್ನದ ಬಸ್ಸಿಗೆ ಸುರೇಬಾನಕ್ಕೆ ಹೋದೆ.

ರೂತವ್ವನ ಮನೆ ಕೇಳಿಕೊಂಡು ಓಣಿಯ ತಿರುವಿಗೆ ಬರುವಾಗಲೇ ದನಿ ಕೇಳಿಸಿತು. ಮೊರದಲ್ಲಿ ಜೋಳ ಹಸನು ಮಾಡುವ ಸದ್ದು, ಅದರ ಲಯಕ್ಕೆ ಹಾಡು. ತಗ್ಗಿದ, ಸ್ವಲ್ಪ ಒರಟಾದ, ನಿಶ್ಚಿಂತೆಯ ದನಿ. ಎರಡು ಸಾಲು ಕೇಳಿದ ಮೇಲೆ ಅದು ನನ್ನ ಹಾಡು ಎಂಬುದು ಗೊತ್ತಾಯಿತು. ಒರತೆಯ ಹಾಡು. ನಾನು ಗೋಡೆಯ ಪಕ್ಕ ನಿಂತೆ. ಮೂರನೆಯ ಸಾಲು ಬಂತು. ಗಾಂಧಾರಕ್ಕೆ ಏರುವ ಕಡೆ ಅವರು ಏರಲಿಲ್ಲ. ಮೇಲಿನ ಷಡ್ಜದಲ್ಲೇ ಒಂದು ಗಳಿಗೆ ನಿಂತು, ಮೊರವನ್ನು ಒಮ್ಮೆ ಕೊಡವಿ, ಅಲ್ಲಿಂದಲೇ ಇಳಿದರು. ನಾನು ಮೂರು ವಾರ ಕೂತು ಮಾಡಿದ ಏರಿಕೆ ಇರಲಿಲ್ಲ. ಹಾಡು ಮಾತ್ರ ಎಲ್ಲೂ ತುಂಡಾಗಲಿಲ್ಲ.

ನೆರಳು ಬಿದ್ದದ್ದಕ್ಕೆ ಅವರು ತಲೆ ಎತ್ತಿದರು. “ಯಾರ? ಅಯ್ಯ, ಟೀಚರ! ಬರ್ರಿ, ಬರ್ರಿ. ಇಂಥಾ ಬಿಸಲಾಗ ಬಂದೀರಲ್ಲ. ನೀರ ಕುಡೀರಿ ಮೊದಲ, ಆಮ್ಯಾಲೆ ಮಾತು.”

ನೀರು ಕುಡಿದು ಕೇಳಿದೆ, “ಅವ್ವಾ, ಈಗ ಏನ ಹಾಡಾಕತ್ತಿದ್ರಿ?”

“ನಿಮ್ಮದ ಅಲ್ಲೇನ? ಒರತಿ ಹಾಡು. ಯಾಕ, ತಪ್ಪಾತೇನ?”

“ತಪ್ಪಲ್ಲ. ಚರ್ಚಿನಾಗ ಯಾಕ ಹಾಡೂದಿಲ್ಲ ನೀವು?”

ಅವರು ಮೊರ ಕೆಳಗಿಟ್ಟರು. “ಅಲ್ಲೆ ಎಟಕಂಗಿಲ್ಲವಾ. ನೀವು ಮಾಳಗಿ ಮ್ಯಾಲ ನಿಂತ ಕರೀತೀರಿ. ನಿಚ್ಚಣಿಕಿ ತಗದ ಒಗದ ಕುಂತೀರಿ. ನಾವು ಹೆಂಗ ಬರೂದು?”

ಮನೆಗಳಲ್ಲಿ ಪ್ರಾರ್ಥನೆಗೆ ಕೂತಾಗ ಎಲ್ಲರೂ ನನ್ನ ಹಾಡುಗಳನ್ನು ಹಾಡುತ್ತಾರೆ ಎಂದು ಅವರು ಹೇಳಿದರು. ಎಲ್ಲ ಎಂಟನ್ನೂ ಅಲ್ಲ, ಮೂರನ್ನು. “ಉಳದ್ವು ನಮಗ ಕೂಡಲಿಲ್ಲ,” ಎಂದರು, ಸುತ್ತು ಬಳಸದೆ. ಲಾರಿ ಡ್ರೈವರನ ಹೆಂಡತಿ ಒರತೆಯ ಹಾಡನ್ನು ತನ್ನ ತವರಿಗೂ ಒಯ್ದಿದ್ದಾಳಂತೆ. ಆಮೇಲೆ ನನ್ನನ್ನು ಒಂದು ಕ್ಷಣ ನೋಡಿ ನಕ್ಕರು. “ಒಂದ ಮಾತ ಕೇಳಲೇನ? ಒರತಿ ಕೈಲೆ ಬಗೀತಾರೇನ್ರಿ ಯಾರರ? ಕೈ ಹಾಕಿದ್ರ ನೀರ ರಾಡಿ ಆಗತೈತಿ. ತಂಬಗೀಲೆ ಸಾವಕಾಶ ತಗೀಬೇಕು. ನೀವು ಬಸ್ಸಿನಾಗಿಂದ ನೋಡೀರಿ, ಹೌದಿಲ್ಲೊ?”

“ಹೌದು,” ಎಂದೆ. ಅದು ಅವರಿಗೆ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ.

ಕೊನೆಗೆ ನಾನು ಕೇಳಬೇಕಾದ್ದನ್ನು ಕೇಳಿದೆ. “ಒಂಬತ್ತ ತಿಂಗಳಾತು. ಟಿಕೆಟ್ ತಗದದ್ದ ನೀವು ನೋಡೀರಿ. ಒಂದ ಮಾತ ಹೇಳಬಾರದಿತ್ತ?”

“ಏನಂತ ಹೇಳೂದು? ನೀವು ಕಲತವ್ರು. ತಗದ್ರು ಅಂದ್ರ ಏನರ ಕಾರಣ ಇದ್ದೀತು ಅಂದ್ನಿ.” ಅವರು ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಹೊರಗೆ ಹಾಕಿದರು. “ಮತ್ತ, ಅದು ನಮ್ಮ ಮನಿಯವರದಾಗಿತ್ತು. ಅವರು ಹಚ್ಚಿದ್ದ ಕಡೇ ತಿಕೀಟ. ಅದನ್ನ ಅಲ್ಲೇ ಇಡ್ರಿ ಅಂದಿದ್ರ, ಚರ್ಚಿನ ಸಲುವಾಗಿ ಕೇಳತಾಳೋ ಗಂಡನ ಸಲುವಾಗಿ ಕೇಳತಾಳೋ ಅಂತಿದ್ರು ಮಂದಿ. ನನಗೂ ಗೊತ್ತಿರಲಿಲ್ಲ, ಯಾತರ ಸಲುವಾಗಿ ಅಂತ. ಅದಕ್ಕ ಸುಮ್ನಾದ್ನಿ.”

ನಾನು ಕ್ಷಮೆ ಕೇಳಿದೆ. “ಅದರಾಗೇನೈತಿ, ತಿಕೀಟ ದಿನಾ ಹರೀತಾರ ಬಸ್ಸಿನಾಗ,” ಎಂದು ಅವರು ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತರು. ರಾಮದುರ್ಗಕ್ಕೆ ಸಂಜೆಯ ಬಸ್ಸು ಹಿಡಿಯಲು ಬಿಡಲಿಲ್ಲ. ಆ ಸಂಜೆ ಕಲಿಸಲು ಹೊಸ ಹಾಡೂ ಇರಲಿಲ್ಲ, ಉಳಿದೆ.

ಊಟಕ್ಕೆ ಮೊದಲು ನಾನು ಅವರಿಂದ ಆ ಹಾಡನ್ನು ಮತ್ತೆ ಎರಡು ಸಲ ಹಾಡಿಸಿ, ಅವರು ಹಾಡಿದಂತೆಯೇ ಸ್ವರಲಿಪಿ ಬರೆದುಕೊಂಡೆ. ಚೀಲದಲ್ಲಿ ಪಿಚ್ ಪೈಪ್ ಇತ್ತು, ಊದಿ ಶ್ರುತಿ ನೋಡುವ ಚಿಕ್ಕ ಸಾಧನ. ಊದಿ ನೋಡಿದೆ. ಬಿಳಿ ನಾಲ್ಕು, ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಬೆಳಿಗ್ಗೆ ಅಂಗಡಿಯಲ್ಲಿ, ಕೆರೆಯುವ ಮೊದಲು, ಆ ಸವೆದ ರೀಡು ಎಷ್ಟು ಇಳಿದಿತ್ತೋ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತು ವರ್ಷ ವಾದ್ಯ ಇಳಿದ ಹಾಗೆ ದನಿಯೂ ಅದರ ಜೊತೆ ಇಳಿದಿತ್ತು. ಅಕ್ಟೋಬರ್‌ನ ಸಾಲಿನ ಪಕ್ಕ ಬರೆದದ್ದು ನನಗೆ ಆಗ ನೆನಪಾಯಿತು.

ಅವರು ತಿದ್ದಿದ ಹಾಡು ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲಾರೆ. ಆ ಗಾಂಧಾರ ಹೋದದ್ದಕ್ಕೆ ನನಗೆ ಈಗಲೂ ಸ್ವಲ್ಪ ಕೊರತೆ ಅನ್ನಿಸುತ್ತದೆ. ಆದರೆ ಅದನ್ನು ಹಾಡಲು ಬರುತ್ತಿತ್ತು, ಮತ್ತು ಅದನ್ನು ಹಾಡುತ್ತಿದ್ದರು. ಆರಾಧನೆಗೆ ಹಾಡು ಮಾಡುವವರಿಗೆ ಇವೆರಡನ್ನು ಬಿಟ್ಟು ಬೇರೆ ಅಳತೆಯಿಲ್ಲ ಎಂಬುದನ್ನು ಎಂ.ಎ. ಮುಗಿಸಿದ ಮೇಲೆ ಕಲಿತೆ. ನಾನು ಆ ಜನರ ನಿರುತ್ಸಾಹವೆಂದು ನೋಟ್‌ಬುಕ್ಕಿನಲ್ಲಿ ಎಣಿಸುತ್ತಾ ಬಂದದ್ದು ನನ್ನದೇ ಕೈಯ ಕೆಲಸವಾಗಿತ್ತು.

ಇದಾಗಿ ಏಳು ವರ್ಷದ ಮೇಲಾಯಿತು. ಅದೇ ಕೆಲಸದಲ್ಲಿದ್ದೇನೆ. ರಾಮದುರ್ಗದ ಸಭೆ ದೊಡ್ಡದಾಗಿಲ್ಲ. ಟೇಪ್ ರೆಕಾರ್ಡರ್ ಚರ್ಚಿನ ಕಪಾಟಿನಲ್ಲಿದೆ, ಕ್ರಿಸ್‌ಮಸ್ ನಾಟಕದ ಸಮಯಕ್ಕೆ ಹೊರಗೆ ತೆಗೆಯುತ್ತಾರೆ. ನಾನು ಮಾಡಿದ ಹಾಡುಗಳಲ್ಲಿ ಹೆಚ್ಚಿನವನ್ನು ಜನ ಮರೆತಿದ್ದಾರೆ. ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲು ನನಗೆ ಇನ್ನೂ ಬಂದಿಲ್ಲ. ಹಾಡು ಬಾರದ ತಿಂಗಳುಗಳು ಆಮೇಲೂ ಬಂದಿವೆ, ನಾಲ್ಕು ಜನ ಮಾತ್ರ ಇದ್ದ ಭಾನುವಾರಗಳೂ ಬಂದಿವೆ. ಒಂದು ಪದ್ಧತಿ ಮಾತ್ರ ಇಟ್ಟುಕೊಂಡಿದ್ದೇನೆ. ಹೊಸ ಊರಿಗೆ ಹೋದರೆ ಮೊದಲು ವಾದ್ಯ ಮುಟ್ಟುವುದಿಲ್ಲ. ನಿಮಗೆ ಬರುವುದನ್ನು ಹಾಡಿ ಎಂದು ಹೇಳಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಎಲ್ಲಿ ಶುರು ಮಾಡುತ್ತಾರೆ, ಎಲ್ಲಿಗೆ ಬಂದು ನಿಲ್ಲುತ್ತಾರೆ ಎಂಬುದನ್ನು ಬರೆದುಕೊಂಡು ಬರುತ್ತೇನೆ. ಎಣಿಸುವುದನ್ನು ಬಿಟ್ಟಿದ್ದೇನೆ. ರಾಜೀನಾಮೆ ಪತ್ರ ಆ ಬೇಸಿಗೆಯಲ್ಲಿ ಚೀಲ ಒಗೆಯುವಾಗ ಸಿಕ್ಕಿತು, ಅಕ್ಷರ ಪೂರ್ತಿ ಹರಡಿಹೋಗಿತ್ತು.

ರೂತವ್ವನ ಮನೆಯಲ್ಲಿ ಉಳಿದ ಆ ಶನಿವಾರದ ಮರುದಿನ ಬೆಳಿಗ್ಗೆ ಅವರೂ ನಾನೂ ಸುರೇಬಾನದಿಂದ ಎಂಟು ಗಂಟೆಯ ಬಸ್ಸಿಗೆ ಹೊರಟೆವು. ಕಂಡಕ್ಟರ್ ಕೊಟ್ಟ ಟಿಕೆಟ್ಟು ಆ ದಿನ ಹಳದಿ. ನಾನು ಅದನ್ನು ಮೂರು ಮಡಿಕೆ ಮಾಡಿ ಬೆರಳಲ್ಲಿ ಒತ್ತಿ ನೋಡುತ್ತಿದ್ದಾಗ ರೂತವ್ವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, “ಮೂರ ಸಾಲಂಗಿಲ್ಲ, ನಾಕ ಮಾಡ್ರಿ.” ನಾಲ್ಕು ಮಾಡಿದೆ.

ಚರ್ಚಿನಲ್ಲಿ ಇಪ್ಪತ್ತರ ಹತ್ತಿರ ಜನ ಕೂತಿದ್ದರು. ಕಾರ್ಯದರ್ಶಿ ಹಿಂದಿನ ಬೆಂಚಿನಲ್ಲಿದ್ದರು, ಟೇಪ್ ರೆಕಾರ್ಡರ್ ಅವರ ತೊಡೆಯ ಮೇಲಿತ್ತು. ನಾನು ಪೇಟಿಯ ಮುಂದೆ ಕೂತು, ಬಿಳಿ ನಾಲ್ಕರ ಪಕ್ಕದ ತಗ್ಗಿಗೆ ಟಿಕೆಟ್ಟನ್ನು ಸಿಕ್ಕಿಸಿದೆ. ಎಡಗೈಯಿಂದ ತಿದಿ ಒತ್ತಿದೆ. ಒಂದೇ ಸ್ವರ ಹೊರಟಿತು. ಬಲಗೈಯನ್ನು ಪಟ್ಟಿಗಳ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಬಾಯಿ ಮುಚ್ಚಿ, ಮುಂದಿನ ಬೆಂಚಿನ ಎಡತುದಿಯಿಂದ ಹಾಡು ಶುರುವಾಗುವವರೆಗೆ ಕಾದೆ.